ಓಣಿಯ ವಿನೋದಗಳು

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂಬ ಬಿರುದಿನವನು, ಕ್ರಿ. ಶ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನೆಂಬದು ವಾಚಕರಲ್ಲಿ ಅನೇಕರು ಬಲ್ಲ ಸಂಗತಿ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳ ಈ ಗ್ರಂಥವು ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1925ರಿಂದ 1961ರ ವರೆಗೆ ಮೂರು ಸಂಪುಟಗಳಾಗಿ ಅಚ್ಚಾಯಿತು. ಇದರ ಕೊನೆಯ ವಿಂಶತಿಗೆ ಕ್ರೀಡಾವಿಂಶತಿಯೆಂದು ಹೆಸರು. ಉಯ್ಯಾಲೆಯಾಡುವ ಆಂದೋಲನಕ್ರೀಡೆ, ನೀರೆರಚುವ ಸೇಚನಕ್ರೀಡೆ, ಬೆಳದಿಂಗಳಿನ ಜ್ಯೋತ್ಸ್ನಾಕ್ರೀಡೆ, ಬೆಳೆದು ನಿಂತ ಹೊಲದಲ್ಲಿ ನಲಿಯುವ ಸಸ್ಯಕ್ರೀಡೆ, ಒಗಟಿನ ಪ್ರಹೇಲಿಕಾಕ್ರೀಡೆ, ಕವಡೆಯ ವರಾಟಿಕಾಕ್ರೀಡೆ ಮೊದಲಾದವು ಅದರಲ್ಲಿ ಬರುತ್ತವೆ. ಅರಸನು ಬರೆದ ಗ್ರಂಥವಾದ್ದರಿಂದ ಆಡುವವನು ಅರಸನೇ. ಅವನ ಸುತ್ತಲೂ ರಾಣೀವಾಸದವರು, ಸಾಮಂತರು, ವಿದ್ವಾಂಸರು.

ಆದರೆ ಈ ಪಟ್ಟಿಯನ್ನು ಓದಿದ ನಮ್ಮ ಶಿರಹಟ್ಟಿಯ ಕಡೆಯ ಯಾವ ಗೃಹಸ್ಥನಾದರೂ, “ಇವೆಲ್ಲ ನಮ್ಮ ಓಣಿಯ ಆಟಗಳೇ ಅಲ್ಲವೇ?” ಎನ್ನದೆ ಇರಲಾರನು. ಪಂಚಮಿಯ ಜೋಕಾಲಿ, ಹೋಳಿಯ ಓಕುಳಿ, ಹುಣ್ಣಿಮೆಯ ಕೋಲಾಟ, ಸುಗ್ಗಿಯ ಮುಂಚಿನ ಸೀತನಿ, ಮದುವೆಯ ಒಡಪು, ಕಟ್ಟೆಯ ಮೇಲಿನ ಚಕ್ಕದಾಟ ಇವುಗಳಿಗೆ ಸಂಸ್ಕೃತದ ಅಂಗಿ ತೊಡಿಸಿದರೆ ಭೂಲೋಕಮಲ್ಲನ ಕ್ರೀಡೆಗಳಾಗುತ್ತವೆ. ಅರಮನೆಯ ಆಟಗಳು ಕಾಲಕ್ರಮದಲ್ಲಿ ಸವೆದು ಓಣಿಗೆ ಇಳಿದವೆಂದು ಕೆಲವು ಪಂಡಿತರು ಹೇಳುವದನ್ನು ನಾನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಮೇಶ್ವರನಿಗಿಂತ ಎಷ್ಟೋ ಶತಮಾನಗಳ ಹಿಂದಿನ ವಾತ್ಸ್ಯಾಯನನು ನಾಗರಕವೃತ್ತ ಪ್ರಕರಣದಲ್ಲಿ ಇಂಥ ಆಟಗಳ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ. ಬೆಳದಿಂಗಳಿನ ಜಾಗರಣೆಯಾದ ಕೌಮುದೀಜಾಗರ, ಹುರಿದ ಹಸಿಕಾಳನ್ನು ತಿನ್ನುವ ಅಭ್ಯೂಷಖಾದಿಕಾ, ಬಿದಿರುಕೊಳವೆಯಿಂದ ನೀರು ಹಾರಿಸುವ ಉದಕಕ್ಷ್ವೇಡಿಕಾ ಅವುಗಳಲ್ಲಿ ಕೆಲವು. ಹೇಳಿ, ಕೊನೆಯಲ್ಲಿ, ಈ ದೇಶೀಯ ಕ್ರೀಡೆಗಳನ್ನು ನಾಗರಕರು ಜನಸಾಮಾನ್ಯರಿಗಿಂತ ಮಿಗಿಲಾಗಿ ಆಚರಿಸತಕ್ಕದ್ದೆಂದು ವಿಧಿಸುತ್ತಾನೆ. ಜನಸಾಮಾನ್ಯರು ಮೊದಲೇ ಆಡುತ್ತಿರದಿದ್ದರೆ ಅವರಿಗಿಂತ ಮಿಗಿಲಾಗುವ ಮಾತೆಲ್ಲಿಂದ ಬಂತು? ಆಟಗಳು ಓಣಿಯಲ್ಲಿ ಹುಟ್ಟಿದವು. ಅರಮನೆಯವರು ಅವನ್ನು ಎರವಲು ತಂದು, ಮೂಲ ಒಡೆಯರ ಹೆಸರನ್ನು ಮಾತ್ರ ಬರೆಯದೆ ಬಿಟ್ಟರು. ಆ ಒಡೆಯರ ಕಥೆಯನ್ನು ಯಥಾಮತಿ ಹೇಳುವದೇ ಈ ಲೇಖನದ ಉದ್ದೇಶ.

ಶಿರಹಟ್ಟಿಯು ಗದಗಿನ ದಕ್ಷಿಣಕ್ಕೆ ಕಪ್ಪತಗುಡ್ಡದ ಸೆರಗಿನಲ್ಲಿರುವ ಊರು. ಇದರ ನೆರೆಯ ಲಕ್ಷ್ಮೇಶ್ವರವೇ ಪ್ರಾಚೀನ ಪುಲಿಗೆರೆ, ‘ಕವಿರಾಜಮಾರ್ಗ’ವು ಕನ್ನಡದ ತಿರುಳೆಂದು ಎಣಿಸಿದ ನಾಡಿನ ಒಂದು ಮೂಲೆ. ಅಲ್ಲಿ ಸುಮಾರು ಕ್ರಿ. ಶ. 725ರ ಒಂದು ಶಾಸನವಿದೆ. ಬಾದಾಮಿಯ ಯುವರಾಜ ವಿಕ್ರಮಾದಿತ್ಯನು ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಹಾಕಿಕೊಟ್ಟ ‘ಆಚಾರವ್ಯವಸ್ಥೆ’ ಅದರ ವಿಷಯ. ರಾಜಪುರುಷರು ಪ್ರಜೆಗಳೊಡನೆ ಹೇಗೆ ನಡೆದುಕೊಳ್ಳಬೇಕು, ಮನೆಮನೆಯವರು ತಮ್ಮ ಸ್ಥಿತಿಗೆ ತಕ್ಕಂತೆ ಎಷ್ಟು ತೆರಬೇಕು ಎಂಬದನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಒಕ್ಕಲುಗಳು ಒಟ್ಟಾಗಿ ಬಾಳುವದಕ್ಕೂ ಒಂದು ಕಟ್ಟಳೆ ಬೇಕೆಂಬ ಅರಿವು ನಮ್ಮ ಸೀಮೆಗೆ ಅಷ್ಟು ಹಳೆಯದು. ಆದರೆ ಆ ಕಲ್ಲಿನಲ್ಲಿ ನಗೆಯ ಕಟ್ಟಳೆ ಬರೆದಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು.

ಮುಂದಿನ ರಾಜಕೀಯ ಚರಿತ್ರೆಯನ್ನು ಬೇಗನೆ ದಾಟುತ್ತೇನೆ. ಪಟವರ್ಧನ ಮನೆತನದವರು 1801ರಲ್ಲಿ ಮಿರಜಿನಿಂದ ಬೇರ್ಪಟ್ಟು ಸಾಂಗಲಿಯ ಸಂಸ್ಥಾನ ಕಟ್ಟಿಕೊಂಡರು. ಶಿರಹಟ್ಟಿಯು ಆ ಸಾಂಗಲಿಯ ಒಂದು ತಾಲೂಕಾಗಿತ್ತು, ಲಕ್ಷ್ಮೇಶ್ವರವು ಮಿರಜಿನ ಕಡೆಗಿತ್ತು. ಎರಡೂ ಊರುಗಳ ಸುತ್ತ ಇಂಗ್ಲಿಷರ ಧಾರವಾಡ ಜಿಲ್ಲೆ. ದಫ್ತರದ ಭಾಷೆ ಮರಾಠಿ, ಅಡಿಗೆಮನೆಯ ಭಾಷೆ ಕನ್ನಡ, ಕಟ್ಟೆಯ ಮೇಲೆ ಎರಡೂ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. 1956ರಲ್ಲಿ ನಾವು ಮೈಸೂರು ರಾಜ್ಯದವರಾದೆವು, 1997ರಲ್ಲಿ ಗದಗ ಜಿಲ್ಲೆಯವರಾದೆವು. ಇಷ್ಟು ಆಳಿಕೆಗಳು ಬದಲಾದರೂ ರೊಟ್ಟಿಪಂಚಮಿಯ ದಿನ ಯಾರ ಮನೆಯ ಬುಟ್ಟಿ ಯಾರ ಮನೆಗೆ ಹೋಗಬೇಕೆಂಬದು ಬದಲಾಗಲಿಲ್ಲ.

ಓಣಿಯ ವಿನೋದವು ತಿಳಿಯಬೇಕಾದರೆ ಮೊದಲು ಓಣಿಯ ಮನೆ ತಿಳಿಯಬೇಕು. ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆಗೆ ಗೋಡೆ ತಾಗಿ, ಮಾಳಿಗೆಗೆ ಮಾಳಿಗೆ ಕೂಡಿ, ಒಂದು ತುದಿಯಲ್ಲಿ ಏರಿದವನು ನೆಲಕ್ಕೆ ಕಾಲಿಡದೆ ಇನ್ನೊಂದು ತುದಿಗೆ ಹೋಗಬಹುದಾಗಿತ್ತು. ಮಾಳಿಗೆಯಲ್ಲಿ ಬೆಳಕಿಂಡಿ. ಅದರಿಂದ ಬೆಳಕು ಒಳಗೆ ಬರುವಂತೆ ಒಳಗಿನ ಮಾತು ಹೊರಗೂ ಹೋಗುತ್ತಿತ್ತು. ಒಗ್ಗರಣೆಯ ವಾಸನೆಯಿಂದ ನೆರೆಯವರ ಅಡಿಗೆ, ಬೀಸುವಕಲ್ಲಿನ ದನಿಯಿಂದ ನೆರೆಯವರ ಮನಸ್ಸು ತಿಳಿಯುತ್ತಿತ್ತು. ಅತ್ತೆಯ ಮೇಲೆ ಸಿಟ್ಟು ಬಂದ ಸೊಸೆ ಕಲ್ಲನ್ನು ತಿರುವುವ ಬಗೆಯೇ ಬೇರೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಮುಂದುಗಡೆ ಪಡಸಾಲೆ, ಅದರ ಮುಂದೆ ಓಣಿಗೆ ಚಾಚಿದ ಕಟ್ಟೆ. ಈ ಕಟ್ಟೆಯು ಮನೆಯವರದೂ ಹೌದು, ಓಣಿಯವರದೂ ಹೌದು. ಹಾದು ಹೋಗುವವನು ಕೇಳದೆಯೇ ಕೂಡ್ರಬಹುದು. ಕಟ್ಟೆಯ ಹಾಸುಗಲ್ಲಿನ ಮೇಲೆ ಚಕ್ಕದ ಮನೆಗಳನ್ನೂ ಹುಲಿಕಟ್ಟಿನ ಗೆರೆಗಳನ್ನೂ ಕೊರೆದಿರುತ್ತಿದ್ದರು. ಹಂಪೆಯ ಗುಡಿಗಳ ಹಾಸುಗಲ್ಲುಗಳಲ್ಲಿ ಕಾಣುವ ಗೆರೆಗಳೂ ಇವೇ ಜಾತಿಯವು.

ಓಣಿಯ ನೆಲದ ಕೆಳಗೆ ಹಗೇವುಗಳಿದ್ದವು. ಜೋಳ ತುಂಬುವ ಈ ನೆಲಗುಣಿಗಳ ಬಾಯನ್ನು ಹಾಸುಗಲ್ಲಿನಿಂದ ಮುಚ್ಚಿ ಮೇಲೆ ಮಣ್ಣು ಹಾಕಿರುತ್ತಿದ್ದರು. ಹಗೇವು ತೆಗೆಯುವದು ಒಬ್ಬನಿಂದಾಗುವ ಕೆಲಸವಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿಗೆ ಮನುಷ್ಯರು ಸತ್ತದ್ದುಂಟು. ಆದುದರಿಂದ ಕಲ್ಲು ಸರಿಸಿ, ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವರು. ದೀಪ ಆರಿದರೆ ಇಳಿಯುವಂತಿಲ್ಲ. ದೀಪ ಉಳಿದ ಮೇಲೆ ಒಬ್ಬನು ಇಳಿದು ಜೋಳ ತುಂಬಿ ಕೊಡುವನು, ನಾಲ್ವರು ಮೇಲೆ ಜಗ್ಗುವರು. ಇಳಿದವನ ಪ್ರಾಣ ನೆರೆಯವರ ಕೈಯಲ್ಲಿಯೇ. ಅವನನ್ನು ಚೇಷ್ಟೆ ಮಾಡುವ ಅಧಿಕಾರವೂ ಅವರದೇ. “ಮಾವಾ, ಮೊನ್ನಿ ಇಸಗೊಂಡ ಎರಡು ರೂಪಾಯಿ ಕೊಡ್ತೀ ಅಂದ್ರ ಹಗ್ಗಾ ಬಿಡ್ತೇವಿ, ಇಲ್ಲಂದ್ರ ಅಲ್ಲೇ ಇರು” ಎಂದು ಮೇಲಿನಿಂದ ಕೂಗಿದರೆ ಕೆಳಗಿನಿಂದ ಬರುವ ಬೈಗುಳಕ್ಕೆ ಓಣಿಯೆಲ್ಲ ನಗುತ್ತಿತ್ತು. ಪ್ರಾಣವನ್ನು ನಂಬಿ ಕೊಡುವವರ ನಡುವೆ ಮಾತ್ರ ಇಂಥ ವಿನೋದ ಸಾಧ್ಯವೆಂಬದನ್ನು ವಾಚಕರು ಗಮನಿಸಬೇಕು.

ಇನ್ನು ಸಂಬಂಧದ ಮಾತು. ಓಣಿಯಲ್ಲಿ ಯಾರೂ ಯಾರಿಗೂ ಬರಿಯ ಹೆಸರಿನವರಲ್ಲ. ಕಾಕಾ, ಚಿಗವ್ವ, ಮಾವ, ಅತ್ತಿ, ಅಣ್ಣ, ವೈನಿ, ಅಜ್ಜ, ಆಯಿ ಎಂದು ಪ್ರತಿಯೊಬ್ಬರಿಗೂ ಒಂದು ಸಂಬಂಧ ಹಂಚಿರುತ್ತದೆ. ಇದು ಜಾತಿಯನ್ನು ನೋಡಿ ಹಂಚಿದ್ದಲ್ಲ. ಸಾಬರ ಮನೆಯ ಹಿರಿಯನು ಒಕ್ಕಲಿಗರ ಮನೆಯ ಹುಡುಗನಿಗೆ ಮಾವ. ಮರಾಠಿ ಕಾರಕೂನನ ಹೆಂಡತಿಯು ಬಡಿಗೇರ ಮನೆಯ ಸೊಸೆಗೆ ವೈನಿ. ಈ ಹಂಚಿಕೆಯ ಮೇಲೆಯೇ ನಗೆಯ ಕಟ್ಟಳೆ ನಿಂತಿರುವದು. ಕಾಕಾನನ್ನು ಚೇಷ್ಟೆ ಮಾಡುವಂತಿಲ್ಲ, ಅವನು ತಂದೆಯ ಸಮಾನ. ಮಾವನನ್ನು ಮಾಡಬಹುದು. ಅತ್ತಿಗೆ ಮೈದುನರಲ್ಲಿ, ಅಜ್ಜ ಮೊಮ್ಮಕ್ಕಳಲ್ಲಿ, ಬೀಗರು ಬೀಗರಲ್ಲಿ ಸರಸ ಸಲ್ಲುತ್ತದೆ. ಆಂಗ್ಲ ಮಾನವಶಾಸ್ತ್ರಜ್ಞನಾದ ರಾಡ್‌ಕ್ಲಿಫ್ ಬ್ರೌನನು 1940ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಆಫ್ರಿಕೆ ಮೊದಲಾದ ಕಡೆಗಳ ಜನರಲ್ಲಿ ಕೆಲವು ಸಂಬಂಧಿಕರು ಪರಸ್ಪರ ಹಾಸ್ಯ ಮಾಡಬೇಕೆಂದೂ ಅದಕ್ಕೆ ಸಿಟ್ಟಾಗಬಾರದೆಂದೂ ಕಟ್ಟಳೆಯುಂಟೆಂದು ತೋರಿಸಿ, ಒಂದೇ ಕಾಲಕ್ಕೆ ಹತ್ತಿರವೂ ದೂರವೂ ಆದವರ ನಡುವೆ ಈ ಹಾಸ್ಯವು ಜಗಳವನ್ನು ತಡೆಯುವ ಉಪಾಯವೆಂದು ವಿವರಿಸಿದನು. ನಮ್ಮ ಓಣಿಯ ಮುದುಕಿಯರು ಈ ಸಿದ್ಧಾಂತವನ್ನು ಓದಿರಲಿಲ್ಲ. ಆದರೆ ಹೊಸದಾಗಿ ಬಾಡಿಗೆಗೆ ಬಂದ ಸಂಸಾರವನ್ನು ಕಂಡ ಕೂಡಲೇ ಅವರು ಮೊದಲು ಕೇಳುತ್ತಿದ್ದದ್ದು, “ನಿಮಗ ನಾವು ಏನಾಗಬೇಕ್ರೀ?” ಎಂದು. ಅದು ನಿಶ್ಚಯವಾಗದ ಹೊರತು ಹೆಪ್ಪು ಕೊಡುವದೂ ಕಷ್ಟ, ನಗುವದೂ ಕಷ್ಟ.

ವರ್ಷದ ವಿನೋದಗಳಲ್ಲಿ ಶ್ರಾವಣದ ಪಂಚಮಿಯು ಹೆಣ್ಣುಮಕ್ಕಳದು. ನಾಗಚೌತಿಯ ಹಿಂದಿನ ದಿನ ರೊಟ್ಟಿಪಂಚಮಿ. ಅದಕ್ಕೆ ಮುಂಚೆ ಎಷ್ಟೋ ದಿನಗಳಿಂದ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ಜೋಳದ ಕಟಕ ರೊಟ್ಟಿ, ಸಜ್ಜೆಯ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ. ಜೊತೆಗೆ ಮಡಿಕೆಕಾಳು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳಿನ ಚಟ್ನಿ, ಶೇಂಗಾ ಚಟ್ನಿ, ಕೆಂಪು ರಂಜಕ. ಆ ದಿನ ಪ್ರತಿ ಮನೆಯಿಂದ ಪ್ರತಿ ಮನೆಗೆ ಬುಟ್ಟಿ ಹೋಗಬೇಕು. ಕೊಟ್ಟ ಬುಟ್ಟಿ ಬರಿದಾಗಿ ತಿರುಗಿ ಬರಬಾರದು. ಹೀಗೆ ಸಂಜೆಯ ಹೊತ್ತಿಗೆ ಯಾರ ಮನೆಯಲ್ಲಿಯೂ ತಮ್ಮ ಮನೆಯ ರೊಟ್ಟಿ ಇರುವದಿಲ್ಲ, ಎಲ್ಲರ ಮನೆಯಲ್ಲಿಯೂ ಎಲ್ಲರ ರೊಟ್ಟಿ ಇರುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಯಾರಿಗೂ ಲಾಭವಿಲ್ಲ. ಆದರೆ ಹಿಂದಿನ ಬೇಸಗೆಯಲ್ಲಿ ನೀರಿಗಾಗಿ ಜಗಳವಾಡಿ ಮಾತು ಬಿಟ್ಟ ಇಬ್ಬರು ಹೆಂಗಸರಿದ್ದರೆ, ಈ ದಿನ ಬುಟ್ಟಿ ಕಳಿಸದೆ ಇರಲು ಬರುವದಿಲ್ಲ. ಬುಟ್ಟಿ ಹೊತ್ತ ಹುಡುಗಿ ಬಾಗಿಲಲ್ಲಿ ನಿಂತರೆ ತೆಗೆದುಕೊಳ್ಳದೆ ಇರಲೂ ಬರುವದಿಲ್ಲ. ಮಾತು ಮರುದಿನ ತಾನಾಗಿ ಬರುತ್ತದೆ. ಎಷ್ಟೋ ವ್ಯಾಜ್ಯಗಳು ಈ ಬುಟ್ಟಿಯಲ್ಲಿ ತೀರಿದ್ದನ್ನು ನಾನು ಬಲ್ಲೆ, ಯಾವ ಕೋರ್ಟಿನ ಕಡತದಲ್ಲಿಯೂ ಅವುಗಳ ಲೆಕ್ಕ ಸಿಕ್ಕುವದಿಲ್ಲ.

ಚೌತಿಗೆ ಹಾಲೆರೆದ ಮೇಲೆ ಪಂಚಮಿಯ ದಿನ ಬೇವಿನ ಮರಕ್ಕೆ ಜೋಕಾಲಿ ಬೀಳುವದು. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದು, ಸೀರೆಯ ಕಚ್ಚೆ ಬಿಗಿದು ನಿಂತುಕೊಂಡೇ ತೂಗುವರು. ಅವರ ಹಾಡುಗಳಂಥವನ್ನು ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದಾಗ ಓದುಬಲ್ಲವರಿಗೆ ಅದು ಸಾಹಿತ್ಯವೆಂದು ತಿಳಿಯಿತು. ಗರತಿಯರಿಗೆ ಮೊದಲೇ ತಿಳಿದಿತ್ತು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಆಡಿಸುವರು. ಗಂಡಸರು ಲಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುವರು: ಇಂತಿಷ್ಟು ಎಸೆತಗಳಲ್ಲಿ ಊರ ಹೊರಗಿನ ಗುಡಿಯನ್ನು ಮುಟ್ಟಿಸುತ್ತೇನೆಂದು ಒಬ್ಬ, ಆಗುವದಿಲ್ಲವೆಂದು ಇನ್ನೊಬ್ಬ, ಇಬ್ಬರ ಹಿಂದೆ ಅರ್ಧ ಊರು. ಹಬ್ಬಕ್ಕೆ ಬಂದ ಹೊಸ ಅಳಿಯನ ಪಾಡು ಮಾತ್ರ ಬೇರೆ. ಅವನ ಎಲೆಗೆ ಬೀಳುವ ಮೊದಲ ಹೋಳಿಗೆಯಲ್ಲಿ ಹೂರಣದ ಬದಲು ಅರಳೆ ತುಂಬಿರುವದುಂಟು. ಅಗಿಯಲೂ ಬಾರದು, ಉಗುಳಲೂ ಬಾರದು. ಬಾಗಿಲ ಸಂದಿಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿರುವರು. ಆಗ ಅಳಿಯನು ಸಿಡುಕಿದರೆ ಆ ಮನೆಯ ಮಗಳ ಮುಂದಿನ ಸಂಸಾರದ ವಿಷಯವಾಗಿ ಹಿರಿಯರು ಚಿಂತಿಸುವರು. ನಕ್ಕರೆ ನಿಶ್ಚಿಂತರಾಗುವರು. ಪರೀಕ್ಷೆ ಚಿಕ್ಕದು, ಆದರೆ ಪರೀಕ್ಷೆಯೇ.

ಗಂಡಸರ ಮತ್ತು ಹುಡುಗರ ಹಬ್ಬವೆಂದರೆ ಹೋಳಿಹುಣ್ಣಿಮೆ. ಶಿವರಾತ್ರಿ ಮುಗಿದೊಡನೆ ಹಲಗೆಯ ಸಪ್ಪಳ ಸುರುವಾಗುವದು. ಕಾಮನನ್ನು ಸುಡಲು ಕಟ್ಟಿಗೆ, ಕುಳ್ಳು ಬೇಕು. ಅವನ್ನು ಬೇಡಿ ತಂದರೆ ಹಬ್ಬಕ್ಕೆ ಸೊಗಸಿಲ್ಲ, ಕದ್ದೇ ತರಬೇಕು. ಮುರುಕು ಏಣಿ, ಹಳೆಯ ಕದ, ಗಾಡಿಯ ನೊಗ, ಯಾವದೂ ಹೊರಗೆ ಉಳಿಯುವಂತಿಲ್ಲ. ಈ ಕಳವಿಗೂ ನಿಯಮಗಳಿದ್ದವು. ದಿನಬಳಕೆಯ ನೇಗಿಲನ್ನೂ ತೊಟ್ಟಿಲನ್ನೂ ಮುಟ್ಟಬಾರದು. ಸೂತಕದ ಮನೆಗೆ ಹೋಗಬಾರದು. ಬಡವಿಯ ಕುಳ್ಳಿನ ಬಣವಿಯಿಂದ ಒಂದೇ ಕುಳ್ಳು ತೆಗೆಯಬೇಕು. ಒಡೆಯನು ಸುಡುವ ಮೊದಲು ಕಂಡು ಹಿಡಿದರೆ ಮರಳಿ ಕೊಡಬೇಕು, ಬೆಂಕಿಗೆ ಬಿದ್ದ ಮೇಲೆ ದೂರಿಲ್ಲ. ಒಮ್ಮೆ ನಮ್ಮ ಓಣಿಯ ಜಿಪುಣನಾದ ಒಬ್ಬ ಗೃಹಸ್ಥನು ಹಿತ್ತಲಲ್ಲಿಟ್ಟ ತೊಲೆಯನ್ನು ಕಾಯಲು ಅದರ ಮೇಲೆಯೇ ಹಾಸಿಕೊಂಡು ಮಲಗಿದನು. ಹುಡುಗರು ಅವನ ಕಾಲ ಬಳಿ ಕುಳಿತು ಕೈಮುಗಿದು, “ಮಾವಾರ, ನಿಮ್ಮ ತೊಲಿ ನಮ್ಮ ಕಾಮಣ್ಣನ ಮನಸಿಗಿ ಭಾಳ ಬಂದೈತ್ರೀ. ನೀವು ಅದರ ಮ್ಯಾಲಿಂದ ಏಳಬ್ಯಾಡ್ರಿ, ಹಂಗ ಹೊತಗೊಂಡು ಹೋಗ್ತೇವಿ” ಎಂದು ಬೇಡಿಕೊಂಡರು. ಮಾವನು ನಕ್ಕುಬಿಟ್ಟನು. ನಕ್ಕ ಮೇಲೆ ತೊಲೆ ಉಳಿಯುವದೆಲ್ಲಿ?

ಶ್ರೀಹರ್ಷನು 7ನೆಯ ಶತಮಾನದಲ್ಲಿ ರಚಿಸಿದ ‘ರತ್ನಾವಳೀ’ ನಾಟಿಕೆಯ ಮೊದಲನೆಯ ಅಂಕದಲ್ಲಿ ಕೌಶಾಂಬಿಯ ಮದನಮಹೋತ್ಸವದ ವರ್ಣನೆಯಿದೆ. ಬಣ್ಣದ ಪುಡಿಯಿಂದ ದಿಕ್ಕುಗಳು ಕೆಂಪಾದದ್ದು, ಕೊಳವೆಗಳ ನೀರಿನಿಂದ ಅಂಗಳ ಕೆಸರಾದದ್ದು, ದೊಡ್ಡವರು ಚಿಕ್ಕವರೆನ್ನದೆ ಕುಣಿದದ್ದು ಎಲ್ಲವೂ ಅಲ್ಲಿ ಉಂಟು. ನಮ್ಮ ಓಕುಳಿಯು ಅದೇ. ಆದರೆ ನಮ್ಮವರು ಅದಕ್ಕೆ ಅಣಕವನ್ನು ಸೇರಿಸಿದರು. ಬದುಕಿದವನನ್ನೇ ಚಟ್ಟದ ಮೇಲೆ ಮಲಗಿಸಿ ಹೊತ್ತು ಅಳುತ್ತ ನಡೆಯುವ ಅಣಕುಶವಯಾತ್ರೆ ಈ ಸೀಮೆಯ ಅನೇಕ ಊರುಗಳಲ್ಲುಂಟು. ಬಾಗಲಕೋಟೆಯಲ್ಲಿ ಸೋಗಿನ ಬಂಡಿಗಳು ಹೊರಡುತ್ತವೆ. ರಾಣೇಬೆನ್ನೂರಿನಲ್ಲಿ ಬದುಕಿರುವ ಮನುಷ್ಯರೇ ರತಿ ಮನ್ಮಥರಾಗಿ ಮಿಸುಕದೆ ಕೂಡ್ರುತ್ತಾರೆ. ಎದುರಿಗೆ ಊರ ವಿನೋದಗಾರರೆಲ್ಲ ಬಂದು ತಮಗೆ ತಿಳಿದ ಸರ್ವವಿದ್ಯೆಯಿಂದಲೂ ಅವರನ್ನು ನಗಿಸಲು ಹೆಣಗುತ್ತಾರೆ, ನಗಿಸಿದವರಿಗೆ ಬಹುಮಾನ. ಶಿವನ ತಪಸ್ಸನ್ನು ಕೆಡಿಸಲು ಹೋದ ಕಾಮನೇ ಇಲ್ಲಿ ತಪಸ್ಸಿಗೆ ಕುಳಿತು, ಅವನ ತಪಸ್ಸನ್ನು ಮನುಷ್ಯರು ಕೆಡಿಸಲು ನೋಡುವ ಈ ತಿರುವುಮುರುವು ಯಾವ ನಾಟಕಕಾರನಿಗೂ ಹೊಳೆದಿರಲಾರದು.

ಹೋಳಿಯಲ್ಲಿ ಆಡುವ ಅಶ್ಲೀಲ ಮಾತುಗಳನ್ನು ಕುರಿತು ನಮ್ಮ ಸುಧಾರಕರು ಬಹಳ ಬರೆದಿದ್ದಾರೆ. ಅವರ ಮಾತು ಸುಳ್ಳಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕುಳಿತ ಹೆಂಗಸರ ಕಿವಿಗೆ ಬೀಳಬಾರದ ಮಾತುಗಳು ಬೀಳುತ್ತಿದ್ದವು. ಆದರೆ ಅದೇ ನಾಲಗೆಯು ವರ್ಷವಿಡೀ ಹೇಳಲಾಗದ ಒಂದು ಸತ್ಯವನ್ನು ಆ ದಿನ ಹೇಳಿಬಿಡುತ್ತಿತ್ತು. ಬಡ್ಡಿ ಹೆಚ್ಚು ತೆಗೆಯುವವನ ಬಾಗಿಲ ಮುಂದೆ, ತೂಕದಲ್ಲಿ ಕಡಿಮೆ ಹಾಕುವ ಅಂಗಡಿಕಾರನ ಮುಂದೆ, ಹೆಂಡತಿಯನ್ನು ಬಡಿಯುವವನ ಮುಂದೆ ಹಲಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಯಾರೂ ಹೆಸರು ಹೇಳುತ್ತಿರಲಿಲ್ಲ. ಎಲ್ಲರಿಗೂ ತಿಳಿಯುತ್ತಿತ್ತು. ಮರುದಿನ ಬಣ್ಣ ತೊಳೆದುಕೊಂಡು ಅವನ ಕಟ್ಟೆಯ ಮೇಲೆಯೇ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುವರು. ಅವನು ಎಲೆಯ ಚೀಲವನ್ನು ಮುಂದೆ ಚಾಚಿದರೆ ಕೆಲಸ ಮುಗಿಯಿತು. ಚಾಚದಿದ್ದರೆ ಮುಂದಿನ ವರ್ಷದ ಹಲಗೆ ಇನ್ನಷ್ಟು ಹೊತ್ತು ನಿಲ್ಲುವದು.

ಸಸ್ಯಕ್ರೀಡೆಯ ವಿಷಯವಾಗಿ ಎರಡು ಮಾತು. ಎಳ್ಳಮಾಸಿಗೆ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವಾಗ ಹೊಲವಿಲ್ಲದ ನೆರೆಯವರನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡು ಹೋಗುವದು ರೂಢಿ. ಜೋಳದ ತೆನೆ ಹಾಲುಗಾಳಾದಾಗ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಊದಿ ತಿನ್ನುವ ಸೀತನಿಗೂ ಹಾಗೆಯೇ. ಅಭ್ಯೂಷಖಾದಿಕೆಯೆಂದು ವಾತ್ಸ್ಯಾಯನನು ಹೇಳಿದ್ದನ್ನು ಪಾಠಶಾಲೆಯಲ್ಲಿ ವ್ಯಾಖ್ಯಾನಸಹಿತ ಓದಿದಾಗ ನನಗೆ ಅರ್ಥವಾಗದೆ ಉಳಿದ ಭಾಗವು, ಒಬ್ಬ ರೈತನು ಅಂಗೈಯಲ್ಲಿ ಬಿಸಿ ಸೀತನಿ ಸುರಿದು “ತಿನ್ರೀ ಮಾಸ್ತರ, ಆರೀತು” ಎಂದಾಗ ಅರ್ಥವಾಯಿತು.

ಫಕೀರೇಶ್ವರರ ಮಠವನ್ನು ಹೇಳದೆ ಶಿರಹಟ್ಟಿಯ ಯಾವ ಚರಿತ್ರೆಯೂ ಪೂರ್ಣವಾಗದು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮಠವಿದು. ಬಿಜಾಪುರದ ಖ್ವಾಜಾ ಅಮೀನುದ್ದೀನರೊಡನೆ ಇದರ ಮೂಲಪುರುಷರ ಸಂಬಂಧವನ್ನು ಐತಿಹ್ಯವು ಹೇಳುತ್ತದೆ. ಲಿಂಗವಂತರ ಮನೆಗಳಲ್ಲಿ ಫಕೀರಪ್ಪ, ಫಕೀರಗೌಡ, ಫಕೀರವ್ವ ಎಂಬ ಹೆಸರುಗಳು ಈ ಸೀಮೆಯಲ್ಲಿ ತೀರ ಸಾಮಾನ್ಯ. ಮಠದ ಭಾವೈಕ್ಯವನ್ನು ಕುರಿತು ಸಭೆಗಳಲ್ಲಿ ಭಾಷಣಗಳಾಗುತ್ತವೆ, ಆಗಬೇಕಾದದ್ದೇ. ನನ್ನ ನಮ್ರ ಅಭಿಪ್ರಾಯದಲ್ಲಿ ಮಾತ್ರ ಆ ಭಾವೈಕ್ಯವು ಗದ್ದುಗೆಯ ಎದುರಿಗಿಂತ ಹೊಸ್ತಿಲಿನ ಎದುರಿಗೆ ಹೆಚ್ಚಾಗಿ ಬಾಳಿತು. 1819ರಿಂದ 1889ರ ವರೆಗೆ ಬದುಕಿದ ಶಿಶುನಾಳದ ಶರೀಫಸಾಹೇಬರು ಇದೇ ಸುತ್ತಿನವರು. ಬ್ರಾಹ್ಮಣನಾದ ಗೋವಿಂದಭಟ್ಟರ ಶಿಷ್ಯರಾಗಿ ತತ್ತ್ವಪದಗಳನ್ನು ಕಟ್ಟಿದಂತೆಯೇ ಮೊಹರಮಿನ ರಿವಾಯತುಗಳನ್ನೂ ಕಟ್ಟಿದರು. ಸೋರುವ ಮಾಳಿಗೆ, ಬೀಸುವ ಕಲ್ಲು, ನೆರೆಮನೆಯ ಕೋಳಿ ಇಂಥವುಗಳ ನಡುವೆ ಇದ್ದವರಿಗೆ ತತ್ತ್ವವನ್ನು ಬೇರೆ ಕಡೆ ಹುಡುಕುವ ಕಾರಣವಿರಲಿಲ್ಲ. ಮೊಹರಮಿನಲ್ಲಿ ಅಲಾಯಿ ಕುಣಿಗೆ ಕಟ್ಟಿಗೆ ಹಾಕುವವರು, ಹೆಜ್ಜೆ ಹಾಕುವವರು, ಹರಕೆಗೆ ಕೆಂಪು ಲಾಡಿ ಕಟ್ಟಿಕೊಂಡು ಫಕೀರರಾಗುವವರು ಬಹುಮಟ್ಟಿಗೆ ಹಿಂದೂಗಳೇ. ಸಾಬರ ಮನೆಯಿಂದ ಬಂದ ಚೋಂಗೆಯನ್ನು ಮಡಿಯ ಅಜ್ಜಿಯೊಬ್ಬಳು ಮುಟ್ಟದಿದ್ದರೂ, ಮೊಮ್ಮಕ್ಕಳಿಗೆ ಸಾಲದಾಯಿತೆಂದು ಇನ್ನೆರಡು ಕೇಳಿ ತರಿಸಿದ್ದನ್ನು ಕಂಡಿದ್ದೇನೆ. ಅವಳನ್ನು ಆ ಮನೆಯ ಹಿರಿಯನು, “ಏನವಾ ತಂಗಿ, ಮಡಿ ಬಾಯಿಗೋ ಕೈಗೋ?” ಎಂದು ಚೇಷ್ಟೆ ಮಾಡುತ್ತಿದ್ದನು. ಅವಳು, “ನಿನ್ನ ನಾಲಗಿಗೆ ಮೊದಲ ಮಡಿ ಉಡಿಸೋ ಅಣ್ಣಾ” ಎನ್ನುತ್ತಿದ್ದಳು. ಅಣ್ಣ ತಂಗಿಯೆಂಬ ಒಪ್ಪಂದವಿರದಿದ್ದರೆ ಅವರಿಬ್ಬರೂ ಈ ಮಾತುಗಳನ್ನಾಡಲು ಬರುತ್ತಿರಲಿಲ್ಲ.

ಮದುವೆಯ ಒಡಪುಗಳ ವಿಷಯವನ್ನು ಬೇರೊಂದು ಲೇಖನಕ್ಕೆ ಬಿಡುತ್ತೇನೆ. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ನಿಷೇಧವೂ, ಹೇಳಿಯೇ ಒಳಗೆ ಬರಬೇಕೆಂದು ನಾದಿನಿಯರು ಬಾಗಿಲು ತಡೆಯುವ ಒತ್ತಾಯವೂ ಕೂಡಿ ಹುಟ್ಟಿಸಿದ ಈ ಪ್ರಾಸದ ವಿದ್ಯೆಯು ನಮ್ಮ ಪ್ರಹೇಲಿಕೆ. ಮರಾಠಿಯವರ ಉಖಾಣೆಯೂ ಇದರ ಒಡಹುಟ್ಟು. ಸಂಸ್ಥಾನದ ಕಾಲದಲ್ಲಿ ಎರಡೂ ಭಾಷೆಯ ಹೆಂಗಸರು ಒಂದೇ ಬಾಗಿಲಲ್ಲಿ ನಿಂತು ಪರಸ್ಪರ ಕಲಿತರು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಪಕ್ಕವನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾಗುವದು. ಮಾಳಿಗೆಗೆ ಮಾಳಿಗೆ ತಾಗಿದ್ದು ಒಂದು ಗಡಿಯ ವರೆಗೆ ಮಾತ್ರ. ಹೋಳಿಯ ಹಲಗೆಯನ್ನು ಮಾಡಿಕೊಟ್ಟವರು, ಎಲ್ಲರಿಗಿಂತ ಚೆನ್ನಾಗಿ ಬಾರಿಸಿದವರು ಊರ ಹೊರಗಿನ ಕೇರಿಯವರು. ಅವರು ಹಲಗೆ ಬಾರಿಸುತ್ತ ಓಣಿಯಲ್ಲಿ ನಡೆಯಬಹುದಾಗಿತ್ತು, ಕಟ್ಟೆಯ ಮೇಲೆ ಕೂಡ್ರುವಂತಿರಲಿಲ್ಲ. ರೊಟ್ಟಿಪಂಚಮಿಯ ಬುಟ್ಟಿಯು ಅವರ ಕೇರಿಗೆ ಹೋಗಲಿಲ್ಲ. ಅವರು ಬಾಗಿಲಿಗೆ ಬಂದರೆ ಮೇಲಿನಿಂದ ಹಾಕುತ್ತಿದ್ದರು, ಅವರ ಬುಟ್ಟಿಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆನ್ನುವ ಕಾಯದೆ 1955ರಲ್ಲಿ ಬಂದ ಮೇಲೆಯೂ ಎಷ್ಟೋ ವರ್ಷ ಹೀಗೆಯೇ ನಡೆಯಿತು. ಕೊಟ್ಟು ತೆಗೆದುಕೊಳ್ಳುವದು ಎರಡೂ ಕಡೆಯಿಂದ ಇಲ್ಲದಲ್ಲಿ ಸಂಬಂಧದ ಹೆಸರಿಲ್ಲ, ಸಂಬಂಧದ ಹೆಸರಿಲ್ಲದಲ್ಲಿ ಮಾಡಿದ ಹಾಸ್ಯವು ವಿನೋದವಲ್ಲ, ಹಳಿಯುವದು. ಮೇಲೆ ಹೇಳಿದ ಕಟ್ಟಳೆಯೇ ಇದನ್ನು ಸಿದ್ಧಪಡಿಸುತ್ತದೆ. ಕೆಲವು ಮನೆತನಗಳಲ್ಲಿ ಎಳೆಯ ವಿಧವೆಯರು ಪಂಚಮಿಯ ಜೋಕಾಲಿಯನ್ನು ಬೆಳಕಿಂಡಿಯಿಂದ ಮಾತ್ರ ನೋಡುತ್ತಿದ್ದರು. 1856ರಲ್ಲಿಯೇ ವಿಧವಾವಿವಾಹಕ್ಕೆ ಕಾಯದೆಯಾಗಿತ್ತು. ಆದರೆ ಉಯ್ಯಾಲೆಯ ಹಗ್ಗಕ್ಕೆ ಆ ಕಾಯದೆ ತಲುಪಲು ನೂರು ವರ್ಷ ಸಾಲಲಿಲ್ಲ.

ಹಿಟ್ಟಿನ ಗಿರಣಿ ಬಂದು ಬೀಸುವಕಲ್ಲು ನಿಂತಿತು. ಬೆಳಗಿನ ಜಾವದ ಹಾಡು ಹೋಯಿತೆಂದು ಪೇಚಾಡುವ ನನ್ನಂಥ ಗಂಡಸರು ಒಂದು ದಿನವಾದರೂ ಐದು ಸೇರು ಜೋಳ ಬೀಸಿ ನೋಡಿ ಆ ಮೇಲೆ ಪೇಚಾಡಬೇಕು. ನಳ ಬಂದು ಬಾವಿಯ ಕಟ್ಟೆ ಬರಿದಾಯಿತು, ನೀರಿನ ಜಗಳವೂ ಕಡಿಮೆಯಾಯಿತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣವು ಬರಹತ್ತಿದಾಗ ಓಣಿಯಲ್ಲಿ ಟೀವಿಯಿದ್ದ ಒಂದೇ ಮನೆಯ ಪಡಸಾಲೆಯಲ್ಲಿ ರವಿವಾರ ಮುಂಜಾನೆ ಕಾಲಿಡಲು ಸ್ಥಳವಿರುತ್ತಿರಲಿಲ್ಲ. ಸಾಬರ ಮನೆಯ ಮಕ್ಕಳು ಮುಂದಿನ ಸಾಲಿನಲ್ಲಿ, ಅಜ್ಜಿಯರು ಕೈಮುಗಿದುಕೊಂಡು ಹಿಂದಿನ ಸಾಲಿನಲ್ಲಿ. ಕೆಲವೇ ವರ್ಷಗಳಲ್ಲಿ ಮನೆಗೊಂದು ಟೀವಿ ಬಂದಿತು, ಪಡಸಾಲೆಗಳು ಬರಿದಾದವು. ಮಣ್ಣಿನ ಮಾಳಿಗೆಗಳನ್ನು ಕೆಡವಿ ಕಾಂಕ್ರೀಟಿನ ಛಾವಣಿ ಹಾಕಿದವರು ನಡುವೆ ಒಂದೊಂದು ಮೊಳ ಸಂದು ಬಿಟ್ಟರು. ಜೋಳವು ಚೀಲದಲ್ಲಿ ಪೇಟೆಯಿಂದ ಬರುವಾಗ ಹಗೇವು ಯಾರಿಗೆ ಬೇಕು?

ಕಟ್ಟೆಗಳು ಹೋದದ್ದು ಒಂದೇ ಬೇಸಗೆಯಲ್ಲಿ. ಗಟಾರವನ್ನು ಅಗಲ ಮಾಡಿ ಸಿಮೆಂಟಿನ ರಸ್ತೆ ಹಾಕುವ ಕೆಲಸ ಬಂದಿತು. ಕಟ್ಟೆಗಳು ರಸ್ತೆಯ ಜಾಗದಲ್ಲಿ ಮುಂದೆ ಬಂದಿವೆಯೆಂದು ಅಳತೆಯವರು ಸುಣ್ಣದ ಗೆರೆ ಎಳೆದರು. ಕಾಗದಪತ್ರದ ಪ್ರಕಾರ ಅವರು ಹೇಳಿದ್ದು ನಿಜವೇ. ಕಟ್ಟೆಯು ಯಾರ ಉತಾರದಲ್ಲಿಯೂ ಇರಲಿಲ್ಲ. ಅದು ಮನೆಯವರದೂ ಓಣಿಯವರದೂ ಆಗಿದ್ದರಿಂದ ಯಾರದೂ ಅಲ್ಲವೆಂದಾಯಿತು. ಚಕ್ಕದ ಮನೆ ಕೊರೆದ ಹಾಸುಗಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಪೊರಿಗೆರೆಯ ಶಾಸನದ ಕಲ್ಲಿಗೆ ಕಾವಲುಗಾರರಿದ್ದಾರೆ, ಈ ಕಲ್ಲುಗಳಿಗೆ ಇರಲಿಲ್ಲ.

ಆದರೂ ರೊಟ್ಟಿಪಂಚಮಿ ನಿಂತಿಲ್ಲ. ಬಡಿಯುವವರು ಕಡಿಮೆಯಾಗಿ, ಕಟಕ ರೊಟ್ಟಿಯನ್ನು ನೂರರ ಲೆಕ್ಕದಲ್ಲಿ ಕೊಂಡು ತರುವವರು ಹೆಚ್ಚಾಗಿದ್ದಾರೆ. ಬಿದಿರಿನ ಬುಟ್ಟಿಯ ಬದಲು ಸ್ಟೀಲಿನ ಡಬ್ಬಿ. ಓದಲು, ನೌಕರಿ ಮಾಡಲು ಹೋದ ಕೇರಿಯ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ತಮ್ಮ ಸಂಗಡ ಕಲಿತವರ ಮನೆಗಳಿಗೆ ಡಬ್ಬಿ ತರುತ್ತಾರೆ. ಕೆಲವು ಮನೆಗಳಲ್ಲಿ ತೆಗೆದುಕೊಳ್ಳುತ್ತಾರೆ, ಮಾತ್ರವಲ್ಲ, ಬರಿಯ ಡಬ್ಬಿ ತಿರುಗಿಸಬಾರದೆಂದು ಒಳಗೆ ಹುಡುಕಾಡುತ್ತಾರೆ. ನಮ್ಮ ಓಣಿಯ ಒಬ್ಬ ಮುದುಕಿಯು ಕಳೆದ ಶ್ರಾವಣದಲ್ಲಿ ಹೀಗೆ ಡಬ್ಬಿ ತಂದ ಒಬ್ಬ ತರುಣಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕನ್ನಡಕವನ್ನು ಸರಿಪಡಿಸಿಕೊಂಡು, “ನಿನಗ ನಾ ಏನಾಗಬೇಕವಾ?” ಎಂದು ಕೇಳಿದಳು. ಹುಡುಗಿ ಸ್ವಲ್ಪ ಹೊತ್ತು ವಿಚಾರ ಮಾಡಿ, “ಆಯಿ ಅನ್ಲೇನ್ರಿ?” ಎಂದಳು. “ಅನ್ನು, ಆದ್ರ ಆಯಿ ಅಂದಮ್ಯಾಲೆ ಚಟ್ನಿಗೆ ಉಪ್ಪು ಯಾಕ ಕಡಿಮಿ ಆತು ಅಂತ ನಾ ಬೈತೇನಿ ನೋಡು” ಎಂದು ಮುದುಕಿಯು ಡಬ್ಬಿಯ ಮುಚ್ಚಳವನ್ನು ತೆಗೆದಳು.